ಟೈ ಕಟ್ಟೋದು ಕಲಿಸಿ ಅಂದರು

ವಿಶ್ವವಿದ್ಯಾಲಯದ ಆಡಳಿತ ಭವನದಿಂದ ಒಂದು ಸುತ್ತೋಲೆ ಬಂತು. ವಿದ್ಯಾರ್ಥಿಗಳಲ್ಲಿ 'ಉದ್ಯೋಗಾರ್ಹತೆ' ಬೆಳೆಸಬೇಕಂತೆ. 'ವೃತ್ತಿ ನಿರ್ವಹಣಾ ಕೌಶಲ್ಯ' ತುಂಬಬೇಕಂತೆ. ವಿಭಾಗಕ್ಕೊಬ್ಬರಂತೆ ಬೋಧಕರು ಉದ್ಯೋಗ ಮಾರ್ಗದರ್ಶನ ಕೋಶಕ್ಕೆ ಸೇರಬೇಕಂತೆ. ಕಾಯಂ ಪ್ರಾಧ್ಯಾಪಕರಿಗೆ ಪುರುಸೊತ್ತಿರಲಿಲ್ಲ. ಕೊನೆಗೆ ಸೇರಿದವರು ನಾವು ಏಳು ಮಂದಿ. ಏಳೂ ಮಂದಿ ಅತಿಥಿ ಉಪನ್ಯಾಸಕರು.

ಅತಿಥಿ ಅಂದರೆ ನಮ್ಮ ಕಡೆ ಉಂಡು ಕೈ ತೊಳೆದು ಹೋಗುವವನು. ಇಲ್ಲಿ ಎಲೆ ಹಾಕುವ ಮೊದಲೇ ಎದ್ದೇಳು ಅನ್ನಿಸಿಕೊಳ್ಳುವವನು. ಸೆಮಿಸ್ಟರ್ ಮುಗಿದ ಕೂಡಲೇ ನಮ್ಮ ಕೆಲಸವೂ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಮತ್ತೆ ಅದೇ ತರಗತಿ. 2019ರಲ್ಲಿ ಯುಜಿಸಿಯವರು ಅತಿಥಿ ಬೋಧಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಕೊಡಿ ಎಂದು ಬರೆದು ಕಳಿಸಿದರು. ಅದರ ಅರ್ಧವನ್ನೂ ನಾವು ಕಂಡವರಲ್ಲ. ಇಂಥ ನಾವು ಹುಡುಗರಿಗೆ ವೃತ್ತಿ ನಿರ್ವಹಣೆ ಹೇಳಿಕೊಡಬೇಕು! ನಮ್ಮಲ್ಲೊಬ್ಬ ಗೆಳೆಯ ಅಂದ: 'ಒಲೆ ಇಲ್ಲದೋನ್ನ ಅಡುಗೆಮನೆ ಉಸ್ತುವಾರಿಗೆ ಹಾಕವ್ರೆ ಕಣ್ರೋ.'

ಆದರೂ ಒಪ್ಪಿಕೊಂಡೆವು. ಈ ವಿಶ್ವವಿದ್ಯಾಲಯಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕೇರಿಯಿಂದ, ಹಟ್ಟಿಯಿಂದ, ಹಾಡಿಯಿಂದ, ತುಂಡು ಜಮೀನಿನ ಒಕ್ಕಲು ಮನೆಗಳಿಂದ, ಪೇಟೆಯ ಸಾಬರ ಗಲ್ಲಿಗಳಿಂದ ಬಂದವರು. ಮನೆಯಲ್ಲಿ ಡಿಗ್ರಿ ಅನ್ನೋದನ್ನ ಮೊದಲು ಕಂಡವರು. ನಾವೂ ಹಾಗೇ ಬಂದವರು. ಮೇಲುಜಾತಿಯ ಹುಡುಗನಿಗೆ ಕೆಲಸದ ಸುದ್ದಿ ಹೇಳೋಕೆ ಚಿಕ್ಕಪ್ಪ ಇರುತ್ತಾನೆ, ಸೋದರಮಾವ ಇರುತ್ತಾನೆ, ಅಮೆರಿಕದಲ್ಲಿ ಭಾವ ಇರುತ್ತಾನೆ. ಊಟಕ್ಕೆ ಕೂತಾಗಲೇ ಅವನಿಗೆ ಈ ವೃತ್ತಿ ನಿರ್ವಹಣೆ ದಕ್ಕಿಬಿಡುತ್ತದೆ. ನಮ್ಮ ಹುಡುಗರಿಗೆ ಹೇಳೋರು ಯಾರು? ನೋಟೀಸ್ ಬೋರ್ಡು ಮತ್ತು ನಾವು.

ಗೆಳೆಯರೇ, ಈ 'ಅರ್ಹತೆ' ಅನ್ನೋ ಮಾತಿನ ಪರಿಚಯ ನಮಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗಲೂ ಇದೇ ಮಾತು ಎದ್ದಿತ್ತು. ದಕ್ಷತೆ ಕೆಡುತ್ತದೆ, ಅರ್ಹತೆ ಹಾಳಾಗುತ್ತದೆ ಅಂತ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೂ ಆ ದಾರಿ ಒಪ್ಪಿಗೆಯಾಗಲಿಲ್ಲ. 1919ರಲ್ಲಿ ವರದಿ ಬಂತು. ನೂರು ವರ್ಷ ಕಳೆದು ಹೋಯಿತು. ಮಾತು ಅಲ್ಲೇ ನಿಂತಿದೆ, ಅಂಗಿ ಮಾತ್ರ ಬದಲಾಯಿಸಿದೆ. ಅಂದು 'ನೀನು ಅರ್ಹನಲ್ಲ' ಅಂದರು. ಇಂದು 'ನಿನ್ನ ಉದ್ಯೋಗಾರ್ಹತೆ ಕಡಿಮೆ ಇದೆ, ತರಬೇತಿ ಕೊಡ್ತೀವಿ' ಅಂತಾರೆ. ಕೆಲಸ ಇಲ್ಲದಿರುವುದು ಕೆಲಸ ಕೊಡಬೇಕಾದವರ ಕೊರತೆ ಅಲ್ಲವಂತೆ, ಕೇಳುವವನ ಕೊರತೆಯಂತೆ.

ಬಾಬಾಸಾಹೇಬರಿಗೆ ಯಾವ ಕೌಶಲ್ಯ ಕಡಿಮೆಯಿತ್ತು? ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರಲ್ಲಿ ಲಂಡನ್ನಿಗೆ ಹೋದರು. 1917ರಲ್ಲಿ ವಾಪಸು ಬಂದು, ಕರಾರಿನಂತೆ ಬರೋಡಾದಲ್ಲಿ ಕೆಲಸಕ್ಕೆ ನಿಂತರು. ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಹೆಸರು ಮರೆಸಿಕೊಂಡು ಇದ್ದರು. ಗುರುತು ಸಿಕ್ಕಿದ ದಿನ ಕೋಲು ಹಿಡಿದು ಬಂದು ಹೊರಹಾಕಿದರು. ಆ ಊರಿನ ಉದ್ಯಾನದಲ್ಲಿ ಕೂತು ದುಃಖಪಟ್ಟದ್ದನ್ನು ಅವರೇ ಬರೆದಿದ್ದಾರೆ. ಆ ದಿನ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆ? ಕೈ ಕುಲುಕೋದು ಬರುತ್ತಿರಲಿಲ್ಲವೆ? ಟೈ ಕಟ್ಟೋದು ಬರುತ್ತಿರಲಿಲ್ಲವೆ?

ಟೈ ವಿಷಯಕ್ಕೆ ಬರುತ್ತೇವೆ. ಕೋಶಕ್ಕೆ ಬಂದ ಮೊದಲ ಹಣದಲ್ಲಿ ಬೆಂಗಳೂರಿನಿಂದ ಒಬ್ಬ ತರಬೇತುದಾರನನ್ನು ಕರೆಸಿದರು. ಮೂರು ದಿನದ ಶಿಬಿರ. ನ್ಯಾಕ್‌ನವರು ಬಂದಾಗ ತೋರಿಸಬೇಕಲ್ಲ, ಅದಕ್ಕೆ ಫೋಟೋ ಬೇಕು. ಬರಿ ಫೋಟೋ ಸಾಲದು, ಅದರ ಮೇಲೆ ಜಾಗದ ಅಕ್ಷಾಂಶ ರೇಖಾಂಶ ಬೀಳಬೇಕು. ಶಿಬಿರದ ಅರ್ಧ ಹೊತ್ತು ಫೋಟೋಕ್ಕೇ ಹೋಯಿತು. ಆತ ಒಳ್ಳೆಯ ಮನುಷ್ಯನೇ. ಮಾತು ಮೃದು. ಹುಡುಗರಿಗೆ ಟೈ ಕಟ್ಟೋದು ಕಲಿಸಿದ. ಹೇಗೆ ನಿಲ್ಲಬೇಕು, ಹೇಗೆ ಕೂರಬೇಕು, ಎಷ್ಟು ನಗಬೇಕು ಎಲ್ಲಾ ಹೇಳಿದ. ಆಮೇಲೆ 'ನಿಮ್ಮ ಬಗ್ಗೆ ಹೇಳಿ' ಅನ್ನೋ ಪ್ರಶ್ನೆಗೆ ಉತ್ತರ ಹೇಳೋದು ಹೇಗೆ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿದ.

ಎರಡನೇ ಬೆಂಚಿನ ಹುಡುಗ ಎದ್ದ. ಹೆಸರು, ಊರು, ಓದು ಹೇಳಿದ. 'ತಂದೆ ಏನ್ ಮಾಡ್ತಾರೆ?' ಅಂದ ತರಬೇತುದಾರ.

'ತಮಟೆ ಬಡೀತಾರೆ ಸಾ. ಕೂಲೀಗೂ ಓಯ್ತಾರೆ.'

ಆತ ಒಂದು ಗಳಿಗೆ ಸುಮ್ಮನಿದ್ದು, 'ಅದನ್ನೆಲ್ಲಾ ಅಲ್ಲಿ ಹೇಳ್ಬೇಡಿ. ಅಗ್ರಿಕಲ್ಚರ್ ಅಂದ್ಬಿಡಿ. ನೀಟಾಗಿರತ್ತೆ' ಅಂದ.

'ನಮಗೆ ಜಮೀನಿಲ್ಲ ಸಾ.'

'ಇರ್ಲಿ ಬಿಡ್ರೀ, ಅವರೇನು ಪಹಣಿ ಕೇಳ್ತಾರಾ?'

ಹುಡುಗರು ನಕ್ಕರು. ಆ ಹುಡುಗನೂ ನಕ್ಕ. ಕಂಬದ ಪಕ್ಕ ನಿಂತಿದ್ದ ನಮಗೆ ನಗು ಬರಲಿಲ್ಲ. ಆವತ್ತು ಸಂಜೆ ಕ್ಯಾಂಟೀನಿನಲ್ಲಿ ನಮ್ಮ ನಮ್ಮಲ್ಲೇ ಜಗಳ. ಅಪ್ಪನ ತಮಟೆಯನ್ನು ಮುಚ್ಚಿಡಬೇಕಾ, ಹೇಳಬೇಕಾ? ಕೆಲವರು, 'ಮೊದಲು ಕೆಲಸ ಹಿಡೀಲಿ, ಸಂಬಳ ಕೈಗೆ ಬರಲಿ, ಸ್ವಾಭಿಮಾನ ಆಮೇಲೆ ಎದ್ದು ಕೂರುತ್ತೆ' ಅಂದರು. ಮತ್ತೆ ಕೆಲವರು, 'ಮೊದಲ ದಿನ ಮುಚ್ಚಿಟ್ಟವನು ಮೂವತ್ತು ವರ್ಷ ಮುಚ್ಚಿಡ್ತಾನೆ, ಅಪ್ಪ ಆಫೀಸಿಗೆ ಬಂದರೆ ಗೇಟಲ್ಲೇ ಮಾತಾಡಿಸಿ ಕಳಿಸ್ತಾನೆ' ಅಂದರು. ಟೀ ಆರಿ ಹೋಯಿತು. ಈ ಜಗಳ ಇವತ್ತಿಗೂ ನಮ್ಮೊಳಗೆ ತೀರ್ಮಾನವಾಗಿಲ್ಲ. ಹುಡುಗನಿಗೆ ಎರಡೂ ಕಡೆಯ ಮಾತು ಕೇಳಿಸಿ, ತೀರ್ಮಾನ ಅವನಿಗೇ ಬಿಟ್ಟಿದ್ದೇವೆ.

ತರಬೇತುದಾರನ ಮಾತು ಹುಚ್ಚು ಮಾತಲ್ಲ ಅನ್ನೋದಕ್ಕೆ ಪುರಾವೆ ಇದೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಓದಿನ, ಒಂದೇ ಅನುಭವದ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಹಾಕಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೇಲುಜಾತಿ ಹೆಸರಿನ ಅರ್ಜಿಗೆ ಇದ್ದುದರಲ್ಲಿ ಸುಮಾರು ಮೂರನೇ ಎರಡು ಪಾಲು ಮಾತ್ರ. ಮುಸ್ಲಿಂ ಹೆಸರಿಗೆ ಅದಕ್ಕಿಂತಲೂ ಕಡಿಮೆ. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು ದೊಡ್ಡ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನೇ ಮಾತಾಡಿಸಿ ಬರೆದರು. ಜಾತಿ ನೋಡೋದಿಲ್ಲ, ಪ್ರತಿಭೆ ನೋಡ್ತೀವಿ ಅಂದವರೇ, 'ಮನೆಯ ಹಿನ್ನೆಲೆ' ಕೇಳದೆ ಬಿಡೋದಿಲ್ಲ ಅಂದರಂತೆ.

ಅಲ್ಲಿ ಉತ್ತರದಲ್ಲಿ ಅಡ್ಡಹೆಸರು ಜಾತಿ ಹೇಳುತ್ತದೆ. ನಮ್ಮ ಕಡೆ ಹೆಸರಿನ ಮುಂದೆ ಒಂದೆರಡು ಇನಿಷಿಯಲ್ ಅಷ್ಟೇ. ಅದಕ್ಕೆ ಇಲ್ಲಿ ಬೇರೆ ದಾರಿ ಹುಡುಕಿಕೊಂಡಿದ್ದಾರೆ. 'ಯಾವ ಕಡೆಯವರು ನೀವು?' 'ಊರಲ್ಲಿ ಮನೆ ಎಲ್ಲಿ ಬರುತ್ತೆ?' 'ಮನೆದೇವ್ರು ಯಾವುದು?' 'ಊಟದಲ್ಲಿ ವೆಜ್ಜಾ?' ಎಷ್ಟು ನಯ ನೋಡಿ! ಹುಡುಗಿ ಸಿದ್ದಪ್ಪಾಜಿ ಅಂದಳು ಅಂತಿಟ್ಟುಕೊಳ್ಳಿ, ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆ ತಿಳಿದವನು ಮೇಜಿನಾಚೆ ಕೂತೇ ಲೆಕ್ಕ ಹಾಕಿಬಿಡುತ್ತಾನೆ.

ನಾವು ನಡೆಸುವ ಅಣಕು ಸಂದರ್ಶನದಲ್ಲಿ ಈ ಪ್ರಶ್ನೆಗಳನ್ನೇ ಕೇಳುತ್ತೇವೆ. ನಯವಾಗಿಯೂ ಕೇಳುತ್ತೇವೆ, ಒರಟಾಗಿಯೂ ಕೇಳುತ್ತೇವೆ. 'ರಿಸರ್ವೇಶನ್ನಲ್ಲಿ ಸೀಟ್ ಸಿಕ್ತಾ?' ಅಂತಲೂ ಕೇಳುತ್ತೇವೆ. ಮೊದಲ ಸಲ ಒಬ್ಬ ಹುಡುಗಿ ಅತ್ತುಬಿಟ್ಟಳು. ಎರಡನೇ ಸಲ, 'ಹೌದು ಸರ್, ಸಂವಿಧಾನ ಕೊಟ್ಟ ಸೀಟು. ಅದರಲ್ಲಿ ಕೂತು ನಾನು ಬರೆದ ಪರೀಕ್ಷೆಯ ಅಂಕ ಇಲ್ಲಿದೆ, ನೋಡಿ' ಅಂದಳು. ಪುಸ್ತಕ ನೋಡಿ ಹೇಳಿಕೊಟ್ಟ ಉತ್ತರವಲ್ಲ. ರಾತ್ರಿ ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಕೂತು ಅವಳೇ ಮಾಡಿಕೊಂಡದ್ದು.

ಬಯೋಡೇಟಾ ಬರೆಸುವ ಕೆಲಸ ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಎಂ.ಕಾಂ. ಓದುವ ಒಬ್ಬ ಹುಡುಗ ಒಂದು ಹಾಳೆ ತಂದ. ತುಂಬಾ ಚೆಂದದ ಅಕ್ಷರ. ಕೆಳಗೆ 'ಅನುಭವ: ಇಲ್ಲ' ಅಂತ ಬರೆದಿದ್ದ.

'ರಜದಲ್ಲಿ ಏನ್ ಮಾಡ್ತೀಯಪ್ಪಾ?' ಅಂದೆವು.

'ಕೊಡಗಿಗೆ ಓಯ್ತೀವಿ ಸಾ, ಕಾಪಿ ಕುಯ್ಯಕ್ಕೆ. ಅವ್ವ, ನಾನು, ತಂಗಿ.'

'ಬರೀ ಕುಯ್ಯೋದೇನಾ?'

'ಮೇಸ್ತ್ರಿಗೆ ಓದಕ್ಕೆ ಬರಾಕಿಲ್ಲ ಸಾ. ಲೆಕ್ಕ ನಾನೇ ಬರೀತೀನಿ. ಯಾರ್ ಎಷ್ಟು ಕೆ.ಜಿ. ಕುಯ್ದ್ರು, ಯಾರಿಗೆ ಎಷ್ಟು ಮುಂಗಡ ಓಯ್ತು, ವಾರದ ಬಟವಾಡೆ ಎಷ್ಟು, ಎಲ್ಲಾವ.'

'ಎಷ್ಟು ಜನ ಆಳು?'

'ಮೂವತ್ತು ಮೂವತ್ತೈದು ಇರ್ತಾರೆ ಸಾ. ತೂಕದಲ್ಲಿ ರೈಟರು ಕಮ್ಮಿ ಹಾಕಿದ್ರೆ ನಾನೇ ಓಗಿ ಮಾತಾಡ್ತೀನಿ.'

ನೋಡಿ! ಮೂವತ್ತೈದು ಜನರ ಆಳುಲೆಕ್ಕ, ಮುಂಗಡದ ಲೆಕ್ಕ, ಬಟವಾಡೆ, ಅದರ ಮೇಲೆ ಮಾಲೀಕನ ಕಡೆಯವರ ಜೊತೆ ತೂಕದ ಜಗಳ ಬಗೆಹರಿಸೋದು. ಮೂರು ಹಂಗಾಮು ಮಾಡಿದ್ದಾನೆ. ಇದೇ ಕೆಲಸವನ್ನು ಏರ್ ಕಂಡೀಷನ್ ಕೋಣೆಯಲ್ಲಿ ಎರಡು ತಿಂಗಳು ಮಾಡಿದರೆ ಅದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು, ಸರ್ಟಿಫಿಕೇಟು ಕೊಡುತ್ತಾರೆ. ಇವನು ಬಿಸಿಲಲ್ಲಿ ಮಾಡಿದ, ಅದಕ್ಕೆ 'ಇಲ್ಲ' ಅಂತ ಬರೆದುಕೊಂಡ. ನಾವು ಕೂತು ಬರೆಸಿದೆವು. ಒಂದು ಸುಳ್ಳು ಸೇರಿಸಲಿಲ್ಲ. ಮೇಸ್ತ್ರಿಯ ಫೋನ್ ನಂಬರು ತರಿಸಿ, ಒಪ್ಪಿಗೆ ಕೇಳಿ, ವಿಚಾರಿಸಲು ಅಂತ ಕೆಳಗೆ ಹಾಕಿದೆವು. ಹುಡುಗ ಆ ಹಾಳೆಯನ್ನು ಎರಡು ಮೂರು ಸಲ ತಿರುಗಿಸಿ ತಿರುಗಿಸಿ ನೋಡಿದ. 'ಇದು ನಾನೇಯಾ ಸಾ?' ಅಂದ.

ಆಮೇಲೆ ಬಂದವರನ್ನೆಲ್ಲಾ ಹೀಗೇ ಕೆದಕಿದೆವು. ಅಂಬೇಡ್ಕರ್ ಜಯಂತಿಗೆ ಐದು ಊರಿನಿಂದ ಚಂದಾ ಎತ್ತಿ, ಪೊಲೀಸ್ ಪರ್ಮಿಷನ್ ತಂದು, ಮೈಕು ಪೆಂಡಾಲು ಹಾಕಿಸಿ, ಕೊನೆಗೆ ಪೈಸೆ ಪೈಸೆ ಲೆಕ್ಕ ಊರ ಮುಂದೆ ಓದಿದವನಿದ್ದಾನೆ. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಹುಡುಗಿ ಇದ್ದಾಳೆ. ಬ್ಯಾಂಕಿನವರು ಅವ್ವಂದಿರಿಗೆ ಗದರಿದರೆ ಇವಳು ಹೋಗಿ ವಾಪಸು ಗದರಿ ಬರುತ್ತಾಳೆ. ಹಾಸ್ಟೆಲಿನಲ್ಲಿ ಹುಳ ಬಿದ್ದ ಅಕ್ಕಿಯ ವಿರುದ್ಧ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತವರಂತೂ ಲೆಕ್ಕಕ್ಕೇ ಇಲ್ಲ. ನಾಯಕತ್ವದ ಗುಣ ಬೆಳೆಸಿ ಅಂತ ಸುತ್ತೋಲೆ ಹೇಳುತ್ತದೆ. ಆ ಧರಣಿಗೆ ಕೂತವರಿಗೆ ಅದೇ ವಿಶ್ವವಿದ್ಯಾಲಯ ನೋಟೀಸು ಕೊಟ್ಟಿತ್ತು.

ಇನ್ನು ಕಾಗದಪತ್ರ. ನಮ್ಮ ಹುಡುಗರು ಸೋಲುವುದು ಬಹಳ ಕಡೆ ಇಲ್ಲೇ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಬೇರೆ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು, ಗ್ರಾಮೀಣಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಅದೂ ಅರ್ಜಿಯ ಕೊನೇ ದಿನಾಂಕಕ್ಕೆ ಮೊದಲೇ ಪಡೆದಿರಬೇಕು. ಆಮೇಲೆ ತಂದರೆ ಮುಗೀತು. ಎರಡು ಮೂರು ಶಾಲೆಯಲ್ಲಿ ಓದಿದ ಮಕ್ಕಳು ಎರಡು ಮೂರು ಊರಿಗೆ ಅಲೆಯಬೇಕು. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ, ಆಯ್ಕೆಯಾದ ಮೇಲೆ ಸಿಂಧುತ್ವ ಪ್ರಮಾಣಪತ್ರಕ್ಕೆ ಮತ್ತೊಂದು ಸುತ್ತು. ನಮ್ಮ ಪ್ರಕಾರ ವೃತ್ತಿ ನಿರ್ವಹಣೆಯ ಮೊದಲ ಪಾಠ ಟೈ ಅಲ್ಲ, ಒಂದು ಪ್ಲಾಸ್ಟಿಕ್ ಫೈಲು.

ಆ ಫೈಲನ್ನೇ ಕಳೆದುಕೊಂಡು ಬಂದವಳೊಬ್ಬಳು. ಎಂ.ಎಸ್ಸಿ. ಮುಗಿಸಿದ್ದಳು. ಪೇಟೆಯ ಒಂದು ಕನ್ಸಲ್ಟೆನ್ಸಿಯವರು ಕೆಲಸ ಕೊಡಿಸ್ತೀವಿ ಅಂತ ಹತ್ತನೇ ತರಗತಿಯಿಂದ ಎಲ್ಲಾ ಅಸಲು ಅಂಕಪಟ್ಟಿ ಇಟ್ಟುಕೊಂಡಿದ್ದರು. ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿದ್ದರು. ನಡುವೆ ಬಿಟ್ಟರೆ ಐವತ್ತು ಸಾವಿರ ಕಟ್ಟಬೇಕು. ಮೂರು ತಿಂಗಳು ದುಡಿಸಿಕೊಂಡು ಒಂದೂವರೆ ತಿಂಗಳ ಸಂಬಳ ಕೊಟ್ಟರು. ಬಿಡ್ತೀನಿ ಅಂದರೆ ಅಂಕಪಟ್ಟಿ ಕೊಡಲಿಲ್ಲ. ಅವಳ ಅವ್ವ ನಮ್ಮ ಕೋಣೆಯ ಬಾಗಿಲಲ್ಲೇ ನಿಂತು ಅಂದಳು: 'ನಮ್ಮಪ್ಪ ಗೌಡ್ರ ಮನೇಲಿ ಜೀತಕ್ಕಿದ್ದ ಕಣಪ್ಪ. ಕಾಗ್ದದ ಮೇಲೆ ಎಬ್ಬೆಟ್ಟು ಒತ್ತಿಸ್ಕಂಡಿದ್ರು. ಈ ಕೂಸು ಇಂಗ್ಲೀಸಲ್ಲಿ ಸೈನ್ ಆಕದೆ. ಓದ್ಸಿದ್ದಕ್ಕೆ ಅಷ್ಟೇಯಾ ವೆತ್ಯಾಸ?'

ಜೀತಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಆ ತಾಯಿಗೆ ವರ್ಷ ಗೊತ್ತಿಲ್ಲ, ಜೀತ ಗೊತ್ತು. ನಾವು ನಾಲ್ವರು ಅವರಿಬ್ಬರ ಜೊತೆ ಹೋದೆವು. ಮೊದಲ ದಿನ ಸಾಹೇಬರು ಇಲ್ಲ ಅಂದರು. ಎರಡನೇ ದಿನ ಬಾಂಡು ತೋರಿಸಿದರು. ಮೂರನೇ ದಿನ ಲಿಖಿತ ದೂರಿನ ಒಂದು ಪ್ರತಿ ಮೇಜಿನ ಮೇಲಿಟ್ಟು, ಇದನ್ನು ಠಾಣೆಗೂ ಕಾರ್ಮಿಕ ಇಲಾಖೆಗೂ ಕೊಟ್ಟು ಮನೆಗೆ ಹೋಗ್ತೀವಿ ಅಂದೆವು. ಬೀರುವಿನ ಬೀಗ ತೆಗೆದರು. ಅದರೊಳಗೆ ಒಂದರ ಮೇಲೊಂದು ಅಂಥ ಎಷ್ಟೋ ಫೈಲು! ಯಾವ ಯಾವ ಕೇರಿಯ ಯಾವ ಯಾವ ಮಕ್ಕಳದ್ದೋ. ಬಾಕಿ ಸಂಬಳ ಮಾತ್ರ ಬರಲಿಲ್ಲ.

ಸರ್ಕಾರಿ ಕೆಲಸ ಹಿಡೀರಿ ಅಂತ ಹೇಳೋದು ಸುಲಭ. ನಮ್ಮ ಅಪ್ಪಂದಿರ ಕಾಲಕ್ಕೆ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ಇತ್ತು. ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕು ಅಂತ 1959ರಲ್ಲಿ ಕಾಯಿದೆ ಆಗಿತ್ತು. ಮೂರು ವರ್ಷಕ್ಕೊಮ್ಮೆ ಸಾಲಲ್ಲಿ ನಿಂತು ಕಾರ್ಡು ನವೀಕರಿಸಿ, ಅಂಚೆಯವನ ದಾರಿ ಕಾಯುತ್ತಿದ್ದರು. ಈಗಿನ ಮಕ್ಕಳು ಫೋನ್ ಹಿಡಿದು ಅಧಿಸೂಚನೆ ಕಾಯುತ್ತಾರೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಬರೆದರು. ಮರುವರ್ಷ ಅಕ್ರಮ ಹೊರಬಿದ್ದು ಎಲ್ಲಾ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಗೆ. ಅದೇ 2024ರ ಆಗಸ್ಟಿನಲ್ಲಿ ಕೆಪಿಎಸ್‌ಸಿಯವರ ಗೆಜೆಟೆಡ್ ಪ್ರೊಬೇಷನರಿ ಪರೀಕ್ಷೆ. ಇಂಗ್ಲಿಷಿನಿಂದ ಇಳಿಸಿದ ಕನ್ನಡ ಪ್ರಶ್ನೆಗಳು ಕನ್ನಡದಲ್ಲಿ ಓದಿದವರಿಗೇ ಅರ್ಥವಾಗಲಿಲ್ಲ. ಗಲಾಟೆಯಾಗಿ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿದರು, ಅದರಲ್ಲೂ ತಪ್ಪು. ಕನ್ನಡ ನಾಡಿನಲ್ಲಿ, ಕನ್ನಡದ ಮಕ್ಕಳಿಗೆ! ಅಷ್ಟು ಹೊತ್ತಿಗೆ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದಕ್ಕಾಗಿ ದಶಕಗಳ ಕಾಲ ಬೀದಿಯಲ್ಲಿ ಕೂತವರ ಬೆವರು ಅದರಲ್ಲಿದೆ. 2025ರ ಆಗಸ್ಟಿನಲ್ಲಿ ಆರು, ಆರು, ಐದು ಅಂತ ಹಂಚಿಕೆಯೂ ತೀರ್ಮಾನವಾಯಿತು. ಆದರೆ ಆ ನಡುವೆ ವಯಸ್ಸು ನಿಂತು ಕಾಯಲಿಲ್ಲವಲ್ಲ! ರೂಮು ಬಾಡಿಗೆ ನಿಂತು ಕಾಯಲಿಲ್ಲವಲ್ಲ! ಧಾರವಾಡದಲ್ಲಿ, ವಿಜಯನಗರದಲ್ಲಿ ಮೂರು ಜನರ ಕೋಣೆಯಲ್ಲಿ ಏಳು ಜನ ಮಲಗಿ ಓದಿದ ನಮ್ಮ ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ 'ಸಾ, ಇನ್ನೊಂದ್ ವರ್ಷ ಇರ್ಲಾ, ಊರಿಗೋಗ್ಲಾ?' ಅಂತ ಕೇಳುತ್ತಿದ್ದರು. ವೃತ್ತಿ ನಿರ್ವಹಣೆಯ ಯಾವ ಪುಸ್ತಕದಲ್ಲೂ ಈ ಪ್ರಶ್ನೆಗೆ ಅಧ್ಯಾಯ ಇಲ್ಲ. ಇರು ಅಂತ ಹೇಳೋಕೆ ನಮ್ಮ ಹತ್ತಿರ ಬಾಡಿಗೆ ಕೊಡೋ ದುಡ್ಡಿಲ್ಲ. ಹೋಗು ಅಂತ ಹೇಳೋಕೆ ಬಾಯಿ ಬರೋದಿಲ್ಲ. ಅದಕ್ಕೆ ನಾವು ಹೇಳೋದು ಇಷ್ಟು: ಒಂದು ಕೈಯಲ್ಲಿ ಪರೀಕ್ಷೆ ಇರಲಿ, ಇನ್ನೊಂದು ಕೈಯಲ್ಲಿ ಸಂಬಳದ ಕೆಲಸ ಇರಲಿ, ಕಂತು ಕಂತಾಗಿ ಓದಿ.

ಖಾಸಗಿ ಕಂಪನಿಗಳ ನೇಮಕಾತಿಯಲ್ಲಿ ಮೀಸಲಾತಿ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿ ಮಾಡಿ, ತರಬೇತಿಯ ಜಾಗಗಳಲ್ಲಿ ಪರಿಶಿಷ್ಟರಿಗೆ ಪಾಲು ಇಡಬೇಕು ಅಂತ ಬರೆದಿದ್ದಾರೆ. ಖಾಸಗಿ ಕಾರ್ಖಾನೆಗೂ ಈ ಕಾಯಿದೆ ಅನ್ವಯಿಸುತ್ತದೆ. ಐವತ್ತು ವರ್ಷದಿಂದ ಪುಸ್ತಕದಲ್ಲಿ ಮಲಗಿರುವ ಈ ಕಲಮನ್ನು ನಮ್ಮ ಕೋಶದ ಯಾವ ಶಿಬಿರದಲ್ಲೂ ಯಾರೂ ಹೇಳಿರಲಿಲ್ಲ. ನಾವು ಹತ್ತಿರದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಕೋಶದ ಲೆಟರ್‌ಹೆಡ್ಡಿನಲ್ಲಿ ಕಾಗದ ಬರೆದೆವು. ಪರಿಶಿಷ್ಟರಿಗೆ ಎಷ್ಟು ತರಬೇತಿ ಜಾಗ ಇಟ್ಟಿದ್ದೀರಿ, ಎಷ್ಟು ತುಂಬಿದ್ದೀರಿ, ನಮ್ಮ ಹುಡುಗರನ್ನು ಕಳಿಸಲೇ ಅಂತ. ಎರಡು ಕಡೆಯಿಂದ ಉತ್ತರ ಬಂತು. ಐದು ಮಂದಿ ಹೋಗಿ ಸೇರಿದರು. ಉಳಿದ ಕಡೆಯಿಂದ ನಮಗೆ ಉತ್ತರ ಬರಲಿಲ್ಲ. ಮೇಲಿನವರಿಗೆ ಮಾತ್ರ ಫೋನು ಬಂತು. ಕರೆಸಿದರು. 'ನೀವು ಕಂಪನಿಯವರನ್ನ ಕ್ಯಾಂಪಸ್ಸಿಗೆ ಕರೀರಿ ಅಂದ್ರೆ ಹೆದರ್ಸಿ ಓಡಿಸ್ತಾ ಇದ್ದೀರಲ್ರೀ' ಅಂದರು. ಕಾಯಿದೆ ಪುಸ್ತಕದ ಆ ಪುಟದ ಜೆರಾಕ್ಸು ಕೊಟ್ಟು ಬಂದೆವು.

ವರ್ಷದ ಕೊನೆಗೆ ಕೋಶದವರು ಒಂದು ನಮೂನೆ ತುಂಬಿ ಕೊಡಬೇಕು. ಎಷ್ಟು ಜನಕ್ಕೆ ತರಬೇತಿ, ಎಷ್ಟು ಜನಕ್ಕೆ ಕೆಲಸ, ಸಂಬಳ ಎಷ್ಟು. ನಾವು ಅದರ ಬಲಗಡೆ ಪೆನ್ನಿನಲ್ಲಿ ಗೆರೆ ಹಾಕಿ ಇನ್ನೂ ನಾಲ್ಕು ಕಾಲಂ ಮಾಡಿದೆವು: ಯಾವ ಜಾತಿ ಸಮುದಾಯದವರು, ಆರು ತಿಂಗಳಾದ ಮೇಲೂ ಕೆಲಸದಲ್ಲಿ ಇದ್ದಾರೆಯೆ, ನೇಮಕಾತಿ ಪತ್ರ ಕೊಟ್ಟರೆ, ಪಿ.ಎಫ್. ಕಟ್ಟುತ್ತಾರೆಯೆ. ಹೆಚ್ಚುವರಿ ಕಾಲಂ ಅಳಿಸಿ ತನ್ನಿ ಅಂತ ನಮೂನೆ ವಾಪಸು ಬಂತು. ಅಳಿಸಿಲ್ಲ. ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಈ ಸೆಮಿಸ್ಟರ್ ಮುಗಿದ ಮೇಲೆ ನಮ್ಮಲ್ಲಿ ಯಾರು ಯಾರು ಮತ್ತೆ ಒಳಗೆ ಬರುತ್ತೇವೋ ಗೊತ್ತಿಲ್ಲ. ಅದಕ್ಕೆ ಪುಸ್ತಕವನ್ನು ಹಾಸ್ಟೆಲಿನ ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದೇವೆ. ಅವರೇ ಈಗ ಫೋನ್ ಮಾಡಿ ವಿಚಾರಿಸಿ ತುಂಬುತ್ತಿದ್ದಾರೆ.

ಕೋಶದ ಕೋಣೆಯ ಬೀಗದ ಕೈ ಸಂಜೆ ಐದಕ್ಕೆ ಆಫೀಸಿಗೆ ಒಪ್ಪಿಸಬೇಕು. ಆದ್ದರಿಂದ ಮಂಗಳವಾರ, ಶುಕ್ರವಾರ ಸಂಜೆ ಆರೂವರೆಗೆ ಹಾಸ್ಟೆಲಿನ ಊಟದ ಮನೆಯಲ್ಲಿ ಕೂರುತ್ತೇವೆ. ಬೇರೆ ಹಾಸ್ಟೆಲಿನವರೂ ಬರಬಹುದು, ಓದು ಮುಗಿಸಿ ಊರಲ್ಲಿರುವವರೂ ಬರಬಹುದು. ಜಾತಿ ಪ್ರಮಾಣಪತ್ರ, ಕನ್ನಡ ಮಾಧ್ಯಮದ್ದು, ಗ್ರಾಮೀಣದ್ದು ಎಲ್ಲದರ ಜೆರಾಕ್ಸ್ ಎರಡೆರಡು ತನ್ನಿ. ಅಸಲು ಮನೆಯಲ್ಲೇ ಇಟ್ಟು ಬನ್ನಿ.